ಮೊಣಕಾಲಿನ ಕೋನ

ಅರವತ್ತಕ್ಕೆ ನಿಲ್ಲಿಸಬೇಕು, ಅರವತ್ತೊಂದಕ್ಕೆ ಹೋಗಬಾರದು ಎಂದು ಎರ್ರಿ ಹೇಳಿದ್ದ. ಹೇಳುವಾಗ ತನ್ನ ಊರುಗೋಲನ್ನು ನೆಲಕ್ಕೆ ಓರೆಯಾಗಿ ಹಿಡಿದು, ಇದು ಅರವತ್ತು, ಇದು ತೊಂಬತ್ತು ಎಂದು ತೋರಿಸಿದ್ದ. ಎರಡರಲ್ಲೂ ಐದೈದು ಡಿಗ್ರಿ ತಪ್ಪಿತ್ತು. ರೇಣುಕಾ ತಿದ್ದಲಿಲ್ಲ. ಕುರುಗೋಡಿನ ಆಸ್ಪತ್ರೆಯ ಹಿಂದಿನ ವರಾಂಡದಲ್ಲಿ, ಅಂಗವಿಕಲರ ತಪಾಸಣಾ ಶಿಬಿರ ಎಂದು ಬರೆದ ಬಟ್ಟೆಯ ಕೆಳಗೆ, ಬೆಂಚಿನ ತುದಿಯಲ್ಲಿ ಬಲಗಾಲನ್ನು ಮುಂದೆ ಚಾಚಿ ಅವಳು ಕುಳಿತಿದ್ದಳು. ಕೈಯಲ್ಲಿ ನಲವತ್ತೊಂದು ಎಂದು ಬರೆದ ಚೀಟಿ. ಒಳಗೆ ಹದಿನೇಳನೆಯವರು ಹೋಗಿದ್ದರು. ಒಬ್ಬರಿಗೆ ಆರು ನಿಮಿಷ ಹಿಡಿದರೆ ಇನ್ನು ಎರಡು ಗಂಟೆ ಹದಿನೆಂಟು ನಿಮಿಷ. ಅಷ್ಟು ಹೊತ್ತು ತೊಡೆಯ ಸ್ನಾಯುವನ್ನು ಬಿಗಿಯುವುದನ್ನೂ ಸಡಿಲಿಸುವುದನ್ನೂ ಅಭ್ಯಾಸ ಮಾಡಬಹುದು. ಯಾರೂ ನೋಡದಂತೆ ಅವಳು ಅದನ್ನೇ ಮಾಡುತ್ತಿದ್ದಳು. ಅಭ್ಯಾಸ ಅವಳಿಗೆ ಹೊಸದಲ್ಲ. ಕಡಿಮೆ ಮಾಡುವ ಅಭ್ಯಾಸ ಹೊಸದು.

"ಮೊದ್ಲ ನಿನಗ ಮಡಚು ಅಂತಾರ," ಎಂದು ಎರ್ರಿ ಪಾಠವನ್ನು ಮತ್ತೆ ಆರಂಭಿಸಿದ. ಎಳೆತನದಲ್ಲೇ ಪೋಲಿಯೊ ಹೊಡೆದ ಎಡಗಾಲನ್ನು ಬೆಂಚಿನ ಮೇಲೆ ಒಂದು ಸಾಮಾನಿನಂತೆ ಎತ್ತಿಟ್ಟುಕೊಂಡಿದ್ದ. ತಾಲ್ಲೂಕು ಕಚೇರಿಯ ಮುಂದೆ ಮೇಜು ಹಾಕಿಕೊಂಡು ಅರ್ಜಿ ಬರೆಯುವುದು ಅವನ ಕೆಲಸ. ರೇಣುಕಾಳ ಹೆಸರನ್ನು ಈ ಶಿಬಿರಕ್ಕೆ ಹಚ್ಚಿಸಿದವನೂ ಅವನೇ. "ನಲವತ್ತೈದಕ್ಕ ಮಾರಿ ಕಿವುಚು. ಐವತ್ತಕ್ಕ ಯವ್ವಾ ಅನ್ನು. ಅರವತ್ತಕ್ಕ ಬಂದ್. ಆಮ್ಯಾಲೆ ಡಾಕ್ಟ್ರಮ್ಮ ತಾನ ಒತ್ತಿ ನೋಡ್ತಾಳ, ಆವಾಗ ತೊಡಿ ಬಿಗಿ ಹಿಡಿ. ಕಣ್ಣಾಗ ನೀರು ಬಂದ್ರ ಬರ್ಲಿ, ಬರದಿದ್ರ ಬ್ಯಾಡ. ಭಾಳ ಅಳೋರ್ನ ಆಕಿ ನಂಬಂಗಿಲ್ಲ."

"ಎಷ್ಟು ಮಂದಿಗೆ ಕಲಿಸೀಯೋ ಎರ್ರಿ, ಈ ಇದ್ಯಾ?" ಎಂದಳು ಅಕ್ಕ ಸುಂಕಮ್ಮ.

"ಎಣಿಸಿಲ್ಲಕ್ಕ. ಆದ್ರ ನಂದು ಒರಿಜಿನಲ್ ಎಪ್ಪತ್ತು ಪರ್ಸೆಂಟ್. ಯಾರ ಹತ್ರಾನೂ ಟ್ಯೂಷನ್ ತಗೊಂಡಿಲ್ಲ."

ಸುಂಕಮ್ಮ ನಕ್ಕಳು. ನಗುತ್ತ ಸೀರೆಯ ಅಂಚನ್ನು ಎಳೆದು ಪಾದ ಮುಚ್ಚಿಕೊಂಡಳು. ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಹನ್ನೊಂದು ವರ್ಷದಿಂದ ಅವಳು ಇಸ್ತ್ರಿ ಟೇಬಲ್ಲಿಗೆ ನಿಂತಿದ್ದಾಳೆ, ದಿನಕ್ಕೆ ಒಂಬತ್ತು ತಾಸು. ಮೀನಖಂಡದಲ್ಲಿ ನರಗಳು ನೀಲಿಯಾಗಿ ಗಂಟುಗಂಟಾಗಿ ಉಬ್ಬಿ, ಸಂಜೆಯ ಹೊತ್ತಿಗೆ ಪಾದ ಚಪ್ಪಲಿಯೊಳಗೆ ಹಿಡಿಸುವುದಿಲ್ಲ. ಆ ಕಾಲಿಗೆ ಅಂಗವೈಕಲ್ಯದ ಶೇಕಡಾ ಇಲ್ಲ. ಯಾವ ಶಿಬಿರದಲ್ಲೂ ಅದನ್ನು ಅಳೆಯುವವರಿಲ್ಲ. ಶೇಕಡಾ ಇರುವುದು ರೇಣುಕಾಳ ಕಾಲಿಗೆ. ನಲವತ್ತು ಬಂದರೆ ಕಚೇರಿಯೊಂದರಲ್ಲಿ ಮೀಸಲಿಟ್ಟ ಹುದ್ದೆ, ಕುರ್ಚಿಯ ಮೇಲೆ ಕುಳಿತು ಟಪಾಲು ವಿಂಗಡಿಸುವ ಕೆಲಸ. ಸುಂಕಮ್ಮ ಆ ಟೇಬಲ್ ಬಿಟ್ಟು ಮನೆಯಲ್ಲಿ ಕಾಲು ಚಾಚಬಹುದು. ನಲವತ್ತಕ್ಕೆ ಒಂದು ಕಡಿಮೆ ಬಂದರೂ ಏನೂ ಇಲ್ಲ. ಅಕ್ಕ ಇದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳದೆ ಇರುವುದೇ ರೇಣುಕಾಳಿಗೆ ಭಾರವಾಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಕಡೆಯ ಸೀಟನ್ನು ತಂಗಿಗೆ ಬಿಟ್ಟು, ಕಾಲು ಚಾಚಲು ಜಾಗವಾಗಲೆಂದು ತಾನು ಕುರುಗೋಡಿನ ತನಕ ನಿಂತೇ ಬಂದಿದ್ದಳು.

ರೇಣುಕಾ ಆಡುತ್ತಿದ್ದದ್ದು ವಾಟರ್ ಸ್ಕೀ. ದೋಣಿ ನೇರ ಗೆರೆಯಲ್ಲಿ ಓಡುತ್ತದೆ, ಗಂಟೆಗೆ ಐವತ್ತೈದು ಕಿಲೋಮೀಟರ್. ಅದರ ಹಿಂದೆ ಹಗ್ಗ ಹಿಡಿದು, ಒಂದೇ ಹಲಗೆಯ ಮೇಲೆ ಎರಡೂ ಪಾದ ಊರಿ, ಬಲಕ್ಕೆ ಮೂರು ಎಡಕ್ಕೆ ಮೂರರಂತೆ ತೇಲುವ ಆರು ಬುರುಡೆಗಳನ್ನು ಹೊರಗಿನಿಂದ ಸುತ್ತಿ ಬರಬೇಕು. ಎಲ್ಲಕ್ಕೂ ಹದಿನೇಳು ಸೆಕೆಂಡು. ಆರೂ ಆದರೆ ಹಗ್ಗವನ್ನು ಗಿಡ್ಡ ಮಾಡುತ್ತಾರೆ. ಮತ್ತೆ ಆರು, ಮತ್ತೆ ಗಿಡ್ಡ. ಈ ಆಟದಲ್ಲಿ ಗೆದ್ದವರೂ ಕೊನೆಗೆ ಬೀಳುತ್ತಾರೆ. ಎಷ್ಟು ಗಿಡ್ಡ ಹಗ್ಗಕ್ಕೆ, ಎಷ್ಟನೆಯ ಬುರುಡೆಗೆ ಬಿದ್ದರು ಎಂಬುದೇ ಅಂಕ. ಬುರುಡೆ ಎಂಬುದು ಆ ತೇಲುಚೆಂಡುಗಳಿಗೆ ಅವಳಿಟ್ಟ ಹೆಸರು. ಸಿರುಗುಪ್ಪದ ಹೊಳೆಯಲ್ಲಿ ಅಪ್ಪ ಹುಲುಗಪ್ಪ ಅವಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಹರಿಗೋಲಿನ ಅಂಚಿನಿಂದ ಹಗ್ಗ ಕೊಟ್ಟು, ಕೈಬಿಟ್ಟರೆ ನೀನುಂಟು ಹೊಳೆಯುಂಟು ಎಂದಿದ್ದ. ಅವಳು ಕೈಬಿಟ್ಟಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಕ್ರೀಡಾಶಾಲೆಯವರು ದೂರದ ಜಲಾಶಯವೊಂದರ ತರಬೇತಿ ಕೇಂದ್ರಕ್ಕೆ ಆರಿಸಿ ಒಯ್ದಾಗ, ಇಂಗ್ಲಿಷು ಬಲ್ಲ ಹುಡುಗಿಯರ ನಡುವೆ ಅವಳ ಬಾಯಿಗೆ ಬಂದ ಮೊದಲ ಮಾತು ಅದೇ: ಆ ಕೆಂಪು ಬುರುಡಿ ಯಾಕ ಕಟ್ಟೀರಿ? ಎಲ್ಲರೂ ನಕ್ಕಿದ್ದರು. ಅಲ್ಲಿಗೆ ಹೋದ ಆರನೆಯ ವರ್ಷ ಅವಳು ದೇಶಕ್ಕೆ ಮೊದಲಿಗಳಾದಳು, ಏಳಕ್ಕೆ ಮತ್ತೊಮ್ಮೆ, ಎಂಟಕ್ಕೆ ಮಗದೊಮ್ಮೆ. ಅಷ್ಟರಲ್ಲಿ ಕೇಂದ್ರದವರೆಲ್ಲ ಬುರುಡೆ ಎಂದೇ ಅನ್ನುತ್ತಿದ್ದರು.

"ಏನು, ಕಾಲೇನವ್ವಾ?" ಪಕ್ಕದ ಮುದುಕಿ ಕೇಳಿದಳು. ಸತ್ಯಮ್ಮ ಎಂದು ಆಗಲೇ ಎರಡು ಸಲ ಹೆಸರು ಹೇಳಿಕೊಂಡಿದ್ದಳು. ಕಿವಿಯ ತಪಾಸಣೆಗೆ ಬಂದವಳು, ಅದಕ್ಕೇ ಜೋರಾಗಿ ಮಾತಾಡುತ್ತಿದ್ದಳು.

"ಮೊಣಕಾಲು."

"ಹ್ಯಾಂಗಾತು?"

"ನೀರಾಗ ಬಿದ್ದೆ."

"ನೀರಾಗ ಬಿದ್ರ ಕಾಲು ಹ್ಯಾಂಗ ಮುರೀತೈತಿ? ಬಾವ್ಯಾಗ ನೀರಿರ್ಲಿಲ್ಲೇನು?"

ಬೆಂಚಿಗೆ ಬೆಂಚೇ ನಕ್ಕಿತು. ಸುಂಕಮ್ಮ ತಂಗಿಯ ಪರವಾಗಿ ಎದ್ದು ನಿಂತವಳಂತೆ, "ಯಜ್ಜೀ, ಈಕಿ ನೀರಿನ ಮ್ಯಾಲೆ ನಿಂತು ಓಡಾಕಿ. ಪೇಪರಿನ್ಯಾಗ ಬಂದಾಕಿ. ದೋಣಿ ಹಿಂದ ಹಗ್ಗ ಹಿಡಕೊಂಡು," ಎಂದು ಕೂಗಿ ವಿವರಿಸಿದಳು. ಸತ್ಯಮ್ಮ ತಲೆ ಆಡಿಸಿದಳು. ದೋಣಿ ಎಂದದ್ದು ಮಾತ್ರ ಅವಳಿಗೆ ಕೇಳಿಸಿತ್ತು.

"ದೋಣಿ! ನಮ್ಮ ಬಾದನಹಟ್ಟ್ಯಾಗೂ ಒಬ್ಬ ಅದಾನ, ಪರಶು ಅಂತ. ದೊಡ್ಡ ಮಷಿನ್ನಿನ ದೋಣಿ ಹೊಡೀತಿದ್ದ, ಸರಕಾರದ್ದು. ಯಾವಾಕಿನೋ ಒಬ್ಬಾಕಿನ ಜೋರಾಗಿ ಎಳೆದು ಕೆಡವಿದ ಅಂತ ಕೆಲಸದಿಂದ ತಗದ್ರಂತ. ಈಗ ಮೆಣಸಿನಕಾಯಿ ಟ್ರ್ಯಾಕ್ಟರ್ ಹೊಡೀತಾನ. ಊರಾಗ ಯಾರೂ ಮಕ್ಕಳ್ನ ಅವನ ಟ್ರ್ಯಾಲಿಗೆ ಹತ್ತಿಸಂಗಿಲ್ಲ, ಕೆಡವ್ತಾನ ಅಂತ."

ಸುಂಕಮ್ಮ ತಂಗಿಯ ಮುಖ ನೋಡಿ, ಕಣ್ಣಿನಲ್ಲೇ ಸುಮ್ಮನಿರು ಎಂದಳು. ಅಕ್ಕನಿಗೆ ತಿಳಿದಿದ್ದ ಕಥೆಯಲ್ಲಿ ಪರಶು ಪಾಪಿ. ಅವನ ಊರಿನ ಹೆಸರು ಕಿವಿಗೆ ಬಿದ್ದರೂ ಅವಳು ತುಟಿ ಕಚ್ಚುತ್ತಿದ್ದಳು. ರೇಣುಕಾ ಸುಮ್ಮನೆಯೇ ಇದ್ದಳು. ಸುಮ್ಮನಿರುವುದರಲ್ಲಿ ಅವಳಿಗೆ ಮೂರು ವರ್ಷದ ಅನುಭವವಿತ್ತು. ಅವಳು ಬಿದ್ದ ದಿನ ಗಾಳಿಯಿತ್ತು. ನೀರು ಸುಕ್ಕುಗಟ್ಟಿತ್ತು. ಹದಿನಾಲ್ಕೂಕಾಲು ಮೀಟರಿನ ಹಗ್ಗಕ್ಕೆ ಆರೂ ಬುರುಡೆ ಮುಗಿಸಿ, ಉಸಿರು ಇಳಿಯುವ ಮೊದಲೇ, ಹಸಿರು ತುಂಡಿಗೆ ಹಾಕು ಎಂದು ಅವಳು ಕೂಗಿದ್ದಳು. ಹಸಿರು ಎಂದರೆ ಇನ್ನೂ ಗಿಡ್ಡ, ಹದಿಮೂರು ಮೀಟರು. ಪರಶು ದೋಣಿಯಲ್ಲಿ ನಿಂತು, ಇವತ್ತು ಬ್ಯಾಡ್ರಿ ಮೇಡಂ, ಗಾಳಿ ಐತಿ, ಎಂದು ಕೈ ಅಲ್ಲಾಡಿಸಿದ್ದ. ತನಗಿಂತ ಎಂಟು ವರ್ಷ ದೊಡ್ಡವನು, ತನ್ನ ಸೀಮೆಯವನು, ತನ್ನ ಮಾತಿನವನು. ಕೇಂದ್ರದಲ್ಲಿ ಅವಳನ್ನು ಮೇಡಂ ಎನ್ನುತ್ತಿದ್ದವನು ಅವನೊಬ್ಬನೇ. ಆ ಒಂದು ಶಬ್ದದ ಬಲದಿಂದ ಅವಳು, "ಹೇಳಿದಷ್ಟು ಮಾಡಲೇ," ಎಂದಿದ್ದಳು. ಅವನು ಮಾಡಿದ. ಮೂರನೆಯ ಬುರುಡೆಯಲ್ಲಿ ಹಲಗೆಯ ಮೂತಿ ನೀರಿಗೆ ಸಿಕ್ಕಿತು. ಆ ವೇಗದಲ್ಲಿ ನೀರು ನೀರಾಗಿರುವುದಿಲ್ಲ, ಸಂಗನಕಲ್ಲಿನ ಬಂಡೆಯಾಗಿರುತ್ತದೆ. ದೇಹ ಒಂದು ಕಡೆ ಹೋಯಿತು, ಬಲಗಾಲು ಹಲಗೆಯ ಜೊತೆ ಇನ್ನೊಂದು ಕಡೆ ಹೋಯಿತು. ವಿಚಾರಣೆಗೆ ಬಂದ ಅಧಿಕಾರಿ ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತು, ಹಗ್ಗ ಎಷ್ಟಿತ್ತಮ್ಮಾ ಎಂದು ಕೇಳಿದಾಗ ಅವಳು ಹದಿನಾಲ್ಕೂಕಾಲು ಎಂದಳು. ಹದಿನಾಲ್ಕೂಕಾಲಿಗೆ ಅವಳು ಬೀಳುವವಳಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ಹಾಗಾದರೆ, ಚಾಲಕ ಏನೇ ಅಂದರೂ, ದೋಣಿಯ ವೇಗವೇ ಹೆಚ್ಚಿರಬೇಕು. ಯಾರ ಮೇಲೂ ಅವಳು ಬೆರಳು ಮಾಡಿ ತೋರಿಸಲಿಲ್ಲ. ಒಂದೂಕಾಲು ಮೀಟರಿನ ಸುಳ್ಳು ಹೇಳಿದಳು. ಉಳಿದದ್ದನ್ನು ಲೆಕ್ಕವೇ ಮಾಡಿತು.

ಚೀಟಿ ಮೂವತ್ತಮೂರು, ಮೂವತ್ತನಾಲ್ಕು. ಸತ್ಯಮ್ಮ ಒಳಗೆ ಹೋಗಿ ಬಂದು, ಕಿವಿಗೆ ಹಾಕುವ ಯಂತ್ರದ ಚೀಟಿ ಸಿಕ್ಕಿತೆಂದು ಎಲ್ಲರಿಗೂ ತೋರಿಸಿ ಹೋದಳು. ಎರ್ರಿ ಹೊರಗೆ ಬೇವಿನ ನೆರಳಿಗೆ ಮೇಜು ಎಳೆದುಕೊಂಡು ಯಾರದೋ ಅರ್ಜಿಗೆ ಕುಳಿತ. ಬಿಗಿಯುವುದು, ಸಡಿಲಿಸುವುದು. ಬಳ್ಳಾರಿಯ ಬಾಡಿಗೆ ಕೋಣೆಯಲ್ಲಿ, ಅಕ್ಕ ಕೆಲಸಕ್ಕೆ ಹೋದ ಮೇಲೆ, ರೇಣುಕಾ ಪ್ರತಿದಿನ ಗೋಡೆಯ ಪಕ್ಕ ಮಲಗಿ ಹಿಮ್ಮಡಿಯನ್ನು ಎಳೆಯುತ್ತಾಳೆ. ಅಕ್ಕ ಜೀನ್ಸಿಗೆ ಗುರುತು ಹಾಕಲು ತಂದಿದ್ದ ಸೀಮೆಸುಣ್ಣದಿಂದ ಗೋಡೆಯ ಬುಡದಲ್ಲಿ ಗೆರೆ ಎಳೆದಿದ್ದಾಳೆ; ಟ್ರಂಕು ಅಡ್ಡವಿರುವುದರಿಂದ ಕಾಣುವುದಿಲ್ಲ. ಮೊದಲ ಗೆರೆ ಎಂಬತ್ತೊಂದು. ಇನ್ನು ಇದಕ್ಕಿಂತ ಮಡಚದು ಎಂದು ಕಾಲಿನ ಡಾಕ್ಟರು ಕಾಗದದಲ್ಲಿ ಬರೆಯದೆ ಬಾಯಿಮಾತಿನಲ್ಲೇ ಹೇಳಿ ಕಳಿಸಿದ ದಿನದ್ದು. ಎಂಬತ್ತೆರಡಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಎಂಬತ್ತೆಂಟಕ್ಕೆ ಬಂದು ಎರಡು ತಿಂಗಳು ನಿಂತೇಬಿಟ್ಟಿತು. ಬಾಯಿಗೆ ಬಟ್ಟೆ ತುರುಕಿಕೊಂಡು ಎಳೆದಳು. ನೋವಿನ ಆಚೆ ಒಂದು ಸಣ್ಣ ಜಾಗವಿದೆ, ಕೂದಲೆಳೆಯಷ್ಟು; ಅದರಲ್ಲಿ ನುಗ್ಗಬೇಕು. ಹದಿನಾಲ್ಕು ತಿಂಗಳಿಗೆ ಹದಿನೈದು ಡಿಗ್ರಿ. ಕಳೆದ ಶುಕ್ರವಾರ ತೊಂಬತ್ತಾರು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾವ ಪತ್ರಿಕೆಯೂ ಅಚ್ಚು ಹಾಕದ, ಯಾರೂ ಚಪ್ಪಾಳೆ ತಟ್ಟದ, ಆದರೆ ಒಂದು ಕೂದಲಷ್ಟೂ ಸುಳ್ಳಿಲ್ಲದ ಅಂಕ ಅದು. ಅರವತ್ತಕ್ಕೆ ನಿಲ್ಲಿಸುವುದೆಂದರೆ ಅದರಲ್ಲಿ ಮೂವತ್ತಾರನ್ನು ಅಳಿಸುವುದು. ತಾನು ಗಳಿಸಿದ್ದನ್ನಷ್ಟೇ ಅಲ್ಲ, ಮುರಿದಾಗ ಉಳಿದಿದ್ದನ್ನೂ.

"ನಲವತ್ತೊಂದು!"

ಡಾಕ್ಟರ್ ಸುನಂದಾ ಐವತ್ತರ ಹತ್ತಿರದವರು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಕನ್ನಡಕ ಮೂಗಿನ ತುದಿಗೆ. ಕಡತ ತೆರೆದು, ಹಳೆಯ ಕಾಗದಗಳನ್ನು ನಿಧಾನವಾಗಿ ಓದಿದರು. "ಮಲಗಮ್ಮ. ಅಕ್ಕನವರು ಅಲ್ಲೇ ನಿಲ್ಲಲಿ." ಕಬ್ಬಿಣದ ಮಂಚಕ್ಕೆ ರೆಕ್ಸಿನ್ ಹೊದಿಸಿತ್ತು, ಹಿಂದಿನವರ ಬೆವರು ಇನ್ನೂ ಆರಿರಲಿಲ್ಲ. ಎರಡು ಉದ್ದ ತೋಳಿನ ಪ್ಲಾಸ್ಟಿಕ್ ಕೋನಮಾಪಕವನ್ನು ಡಾಕ್ಟರು ಮೊಣಕಾಲಿನ ಪಕ್ಕಕ್ಕೆ ಹಿಡಿದರು. "ಮಡಚು. ಎಷ್ಟಾಗ್ತದೋ ಅಷ್ಟು."

ನಲವತ್ತೈದಕ್ಕೆ ಅವಳು ಮುಖ ಕಿವುಚಿದಳು. ಐವತ್ತಕ್ಕೆ ಯವ್ವಾ ಎಂದಳು. ಆ ಯವ್ವಾ ಎಷ್ಟು ಚೆನ್ನಾಗಿ ಬಂತೆಂದರೆ ಸುಂಕಮ್ಮ ಮೂಲೆಯಿಂದ ಒಂದು ಹೆಜ್ಜೆ ಮುಂದೆ ಬಂದಳು. ಅರವತ್ತಕ್ಕೆ ಬಂದ್. ಡಾಕ್ಟರು ಒತ್ತಿದರು, ತೊಡೆ ಕಲ್ಲಾಯಿತು. ತೊಡೆಯ ಸುತ್ತಳತೆ ತೆಗೆದುಕೊಂಡರು, ಒದೆಯಲು ಹೇಳಿ ಬಲ ನೋಡಿದರು, ಬರೆದುಕೊಂಡರು. "ಕೀಲಿನ ನಷ್ಟ ಒಂದು, ಬಲದ ನಷ್ಟ ಒಂದು. ಎರಡನ್ನೂ ನೇರ ಕೂಡಿಸೋ ಹಂಗಿಲ್ಲ, ಸೂತ್ರ ಐತಿ," ಎಂದು ತಮ್ಮಷ್ಟಕ್ಕೆ ಅನ್ನುತ್ತ ಲೆಕ್ಕ ಮಾಡಿದರು. "ನಲವತ್ತಮೂರು." ಸುಂಕಮ್ಮ ಎರಡೂ ಕೈ ಎದೆಗೆ ಒತ್ತಿಕೊಂಡಳು. ಡಾಕ್ಟರು ಕನ್ನಡಕ ತೆಗೆದು ರೇಣುಕಾಳನ್ನು ನೋಡಿದರು. ಆ ನೋಟದಲ್ಲಿ ಸಂಶಯವಿರಲಿಲ್ಲ. "ಚಾಂಪಿಯನ್ ಇದ್ದೆಯಲ್ಲಮ್ಮ ನೀನು. ಪಾಪ. ಯಾರದೋ ತಪ್ಪಿಗೆ ನಿನ್ನ ಬಾಳು ಹೀಂಗಾತು. ಮೂರು ವರ್ಷ ಆದ್ರೂ ಅರವತ್ತರ ಮ್ಯಾಲೆ ಬಂದಿಲ್ಲ ಅಂದ್ರ ಇನ್ನು ಬರಂಗಿಲ್ಲ. ಮನಸ್ಸಿಗೆ ಹಚ್ಚಿಕೋಬ್ಯಾಡ. ನಮ್ಮ ಕೈಯಾಗ ಇಲ್ಲದ್ದು."

ಬೈದಿದ್ದರೆ ಅವಳು ಸಹಿಸುತ್ತಿದ್ದಳು. ನಾಟಕ ಮಾಡ್ತೀಯೇನು ಎಂದು ಗದರಿದ್ದರೆ ಇನ್ನೂ ಜೋರಾಗಿ ನಾಟಕ ಮಾಡುತ್ತಿದ್ದಳು. ನಮ್ಮ ಕೈಯಾಗ ಇಲ್ಲದ್ದು ಎಂಬ ಮಾತು ಮೈಯೊಳಗೆ ಎಲ್ಲಿ ಹೋಗಿ ತಾಗಿತೆಂದರೆ, ಹದಿನಾಲ್ಕು ತಿಂಗಳು ಬಾಯಿಗೆ ತುರುಕಿಕೊಂಡಿದ್ದ ಬಟ್ಟೆಯ ರುಚಿ ನಾಲಿಗೆಗೆ ಮರಳಿತು. ಯಾರಿಗೆ ಇಲ್ಲದ್ದು? ಎಳೆದವಳು ತಾನು. ಹಸಿರು ತುಂಡಿಗೆ ಹಾಕಿಸಿದವಳೂ ತಾನು. ಬಿದ್ದದ್ದು ಬೇರೆಯವರ ತಪ್ಪಿಗೆ, ಏಳದೆ ಇದ್ದದ್ದು ವಿಧಿಯ ತಪ್ಪಿಗೆ ಎಂದಾದರೆ, ಈ ಮಂಚದ ಮೇಲೆ ಮಲಗಿರುವುದು ಯಾರು? ಸೋತವಳೂ ಅಲ್ಲ, ಒಂದು ಸಾಮಾನು. ಕಡತದ ಹೊರಗೆ ಇಣುಕುತ್ತಿದ್ದ ವಿಚಾರಣಾ ವರದಿಯ ಹಳದಿ ಕಾಗದದಲ್ಲಿ "ಚಾಲಕನ ನಿರ್ಲಕ್ಷ್ಯದಿಂದ" ಎಂಬ ಟೈಪು ಮಾಡಿದ ಸಾಲು ಅವಳಿಗೆ ತಲೆಕೆಳಗಾಗಿ ಕಾಣುತ್ತಿತ್ತು.

"ಮೇಡಂ, ಇನ್ನೊಮ್ಮೆ ಅಳೀರಿ," ಎಂದಳು.

"ಯಾಕಮ್ಮ? ನಲವತ್ತು ದಾಟೇತಿ. ನಿನಗ ಬೇಕಾದ್ದು ಆಗೇತಿ."

"ದೋಣಿ ವೇಗ ತಪ್ಪಿದ್ರ ನಮ್ಮ ಆಟದಾಗ ಆ ಓಟ ಲೆಕ್ಕಕ್ಕ ಹಿಡಿಯಂಗಿಲ್ರಿ. ಮತ್ತ ಓಡಬೇಕು. ನಾ ತಪ್ಪಿ ಓಡೀನಿ. ಅಳೀರಿ."

"ರೇಣೀ," ಎಂದಳು ಸುಂಕಮ್ಮ, ಉಸಿರಿನಲ್ಲಿ.

ರೇಣುಕಾ ಅಕ್ಕನ ಕಡೆ ನೋಡಲಿಲ್ಲ. ನೋಡಿದ್ದರೆ ಆಗುತ್ತಿರಲಿಲ್ಲ. ಹಿಮ್ಮಡಿಯನ್ನು ರೆಕ್ಸಿನ್ ಮೇಲೆ ಊರಿ ಎಳೆದಳು. ಅರವತ್ತು ಒಂದು ಊರಿನ ಹೆಸರಿನಂತೆ ಹಿಂದೆ ಸರಿಯಿತು. ಎಪ್ಪತ್ತು. ಎಂಬತ್ತೊಂದು. ಎಂಬತ್ತೆಂಟರ ಹತ್ತಿರ ಒಳಗೆ ಏನೋ ಕಟಕ್ಕೆಂದಿತು, ಡಾಕ್ಟರ ಕೈ ಹಿಂದಾಯಿತು. ಅವಳು ನಿಲ್ಲಲಿಲ್ಲ, ಮುಖವನ್ನೂ ಕಿವುಚಲಿಲ್ಲ. ಬೆವರು ಮಾತ್ರ ಕಿವಿಯ ಹಿಂದಿನಿಂದ ಇಳಿಯಿತು. ತೊಂಬತ್ತು, ತೊಂಬತ್ತನಾಲ್ಕು. ಅಲ್ಲಿಂದ ಮುಂದಕ್ಕೆ ಆ ಸಣ್ಣ ಜಾಗ. ನುಗ್ಗಿದಳು.

ಡಾಕ್ಟರು ಕೋನಮಾಪಕವನ್ನು ಎರಡನೆಯ ಸಲ ಹಿಡಿದು ನೋಡಿದರು. "ತೊಂಬತ್ತೇಳು," ಎಂದರು. ದನಿ ಬದಲಾಗಿತ್ತು. "ಮೊದಲು ನನಗ ಸುಳ್ಳು ತೋರಿಸಿದಿ."

"ತೋರಿಸಿದೆ."

"ಈಗ ಲೆಕ್ಕ ಹಾಕಿದ್ರ ಮೂವತ್ತೆರಡು, ಮೂವತ್ತಮೂರು ಬರ್ತದ. ಏನೂ ಸಿಗಂಗಿಲ್ಲ. ಗೊತ್ತೈತಿಲ್ಲೋ?"

"ಗೊತ್ತೈತ್ರಿ. ಬರೀರಿ. ಆ ಹಳದಿ ಕಾಗದದಾಗಿಂದೂ ಹೊಡದು ಹಾಕ್ರಿ. ಹಗ್ಗ ಹದಿಮೂರು ಇತ್ತು. ನಾನ ಹಾಕಿಸಿದ್ದು. ಚಾಲಕಂದು ತಪ್ಪಿರ್ಲಿಲ್ಲ."

ಡಾಕ್ಟರು ಹಳದಿ ಕಾಗದವನ್ನು ತೆಗೆದು ನೋಡಿ, ಮತ್ತೆ ಇದ್ದಲ್ಲಿಯೇ ಇಟ್ಟರು. "ಇದಕ್ಕ ನನ್ನ ಫಾರಂನಾಗ ಜಾಗ ಇಲ್ಲಮ್ಮ. ನಾನು ಕಾಲು ಅಳೆಯೋಳು." ಬರೆದರು, ಮುದ್ರೆ ಒತ್ತಿದರು, ಕೊಡುವಾಗ ಒಂದು ಕ್ಷಣ ಕಾಗದವನ್ನು ಬಿಡದೆ ಹಿಡಿದುಕೊಂಡರು. "ತೊಂಬತ್ತೇಳಕ್ಕ ಹ್ಯಾಂಗ ತಂದಿ?" ರೇಣುಕಾ ಕಾಗದವನ್ನು ಎಳೆದುಕೊಂಡಳು. ನಲವತ್ತೆರಡನೆಯವರು ಆಗಲೇ ಬಾಗಿಲಲ್ಲಿದ್ದರು.

ಸುಂಕಮ್ಮ ಮುಂದಾಗಿ ವರಾಂಡ ದಾಟಿದಳು. ಮೆಟ್ಟಿಲ ಹತ್ತಿರ ನಿಂತು, ಯಾರು ಕೇಳುತ್ತಾರೆಂಬ ಪರಿವೆ ಬಿಟ್ಟು ಮಾತಾಡಿದಳು. "ನಾ ಹನ್ನೊಂದು ವರ್ಷ ನಿಂತೀನಿ. ಅಪ್ಪ ಸತ್ತಾಗ ನಿನಗ ಹೇಳದಂಗ ನಿಂತೀನಿ, ನಿನ್ನ ಆಟ ಕೆಡಬಾರದು ಅಂತ. ಒಂದ ಒಂದು ನಿಮಿಷ ನೀ ಸುಮ್ನ ಮಲಗಾಕ ಆಗಲಿಲ್ಲ. ಪದಕ ಬೇಕಾಗಿತ್ತೇನು ಆ ಮಂಚದ ಮ್ಯಾಲೂ?"

"ಹೌದು," ಎಂದಳು ರೇಣುಕಾ.

"ಸೊಕ್ಕು."

"ಹೌದಕ್ಕ."

"ಮತ್ತ ಪರಶುಂದು? ಅದು ಖರೇನಾ? ಮೂರು ವರ್ಷ ನಾ ಆ ಮನಿತನಾನ ಶಪಿಸೀನಲ್ಲೇ."

"ಖರೆ."

ಅಕ್ಕ ಕೈ ಎತ್ತಿದಳು, ಹೊಡೆಯುವವಳಂತೆ. ಆ ಕೈ ಗಾಳಿಯಲ್ಲಿಯೇ ದಾರಿ ತಪ್ಪಿ ಸೆರಗನ್ನು ಹಿಡಿದುಕೊಂಡಿತು. ರೇಣುಕಾ ಬೇವಿನ ನೆರಳಿಗೆ ನಡೆದಳು. ಎರ್ರಿ ಅವಳ ಕೈಯಲ್ಲಿನ ಕಾಗದ ಓದಿ, ಊರುಗೋಲಿನಿಂದ ತನ್ನ ಹಣೆಯನ್ನೇ ಮುಟ್ಟಿಕೊಂಡ. "ನನ್ನ ಸಾಲ್ಯಾಗ ಫೇಲಾದಾಕಿ ನೀ ಒಬ್ಬಾಕೀನ. ಪೂರಾ ಅಂಕ ತಗೊಂಡು ಫೇಲಾದಾಕಿ."

"ಎರ್ರಣ್ಣ, ಒಂದು ಹಾಳಿ ತಗಿ. ತರಬೇತಿ ಕೇಂದ್ರದ ಡೈರೆಕ್ಟರಿಗೆ ಬರಿ. ನಾ ಹೇಳಿದಂಗ ಬರಿ, ಸಿಂಗಾರ ಮಾಡಬ್ಯಾಡ."

ಅವನು ಪೆನ್ನು ತೆಗೆದ. ಅರ್ಜಿಗಳನ್ನೆಲ್ಲ ಅವನು ಆರಂಭಿಸುವ ರೀತಿ ಒಂದೇ: ಬಡವಳೂ ನಿರ್ಗತಿಕಳೂ ಆದ. ಬರೆದೂಬಿಟ್ಟ. ಅವಳು ಅದನ್ನು ಹೊಡೆದು ಹಾಕಿಸಿದಳು. ಹೊಸ ಹಾಳೆ ತೆಗೆಯಬೇಕಾಯಿತು. ಹಗ್ಗದ ಉದ್ದ, ಗಾಳಿ, ಚಾಲಕ ಬೇಡವೆಂದದ್ದು, ತಾನು ಗದರಿಸಿದ್ದು, ಆಮೇಲೆ ಹೇಳಿದ ಸುಳ್ಳು. ಒಟ್ಟು ಒಂಬತ್ತು ಸಾಲು. ಕೊನೆಗೆ ಎರ್ರಿ, "ಕ್ಷಮೆ ಕೋರುತ್ತೇನೆ ಅಂತ ಹಾಕ್ಲೇನು?" ಎಂದ.

"ಬ್ಯಾಡ. ಅದನ್ನ ಅವನ ಮುಂದ ನಿಂತು ಕೇಳೋದು. ಇಲ್ಲಿ ಅವನ್ನ ವಾಪಸ್ ಕೆಲಸಕ್ಕ ತಗೋರಿ ಅಂತ ಹಾಕು."

"ತಗೊಳ್ಳದಿದ್ರ?"

"ಮತ್ತ ಬರೆಯೋದು."

ಅವಳು ಸಹಿ ಮಾಡುವಾಗ ಸುಂಕಮ್ಮ ಬಂದು ಹಿಂದೆ ನಿಂತಿದ್ದಳು. ಹಾಳೆಯ ಮೇಲೆ ಅವಳ ನೆರಳು ಬಿತ್ತು. ಅಕ್ಕ ಓದು ಬಾರದವಳು. ಆದರೂ ಪ್ರತಿ ಸಾಲನ್ನೂ ನೋಡಿದಳು. ಆಮೇಲೆ, ತಂಗಿಗಲ್ಲ, ಬೇವಿನ ಮರಕ್ಕೆ ಹೇಳುವವಳಂತೆ ಹೇಳಿದಳು. "ಯೂನಿಟ್ನ್ಯಾಗ ಕುಂತು ಮಾಡೋ ಕೆಲಸ ಖಾಲಿ ಇಲ್ಲ. ಇರೋದು ನನ್ನ ಟೇಬಲ್ ಒಂದ. ನಿಂತು ಮಾಡೋದು. ಒಂಬತ್ತು ತಾಸು. ನಡುವ ಊಟಕ್ಕ ಅರ್ಧ ತಾಸು, ಅದೂ ಮಾಲಕರು ಇದ್ರ ಇಲ್ಲ."

"ನಾಳಿಂದ ನೀ ಮನ್ಯಾಗಿರು," ಎಂದಳು ರೇಣುಕಾ. "ನಾ ನಿಲ್ತೀನಿ."

"ಒಂಬತ್ತು ತಾಸು ಆ ಕಾಲು ತಡೀತೈತೇನು?"

"ಅಳೀಬೇಕು."

ಸುಂಕಮ್ಮ ಕಡತವನ್ನು ಅವಳ ಕೈಯಿಂದ ಕಸಿದುಕೊಂಡು ತನ್ನ ಕಂಕುಳಲ್ಲಿ ಇರುಕಿದಳು. "ಮೂರು ಗಂಟಿ ಬಸ್ಸು ಬಿಟ್ರ ಆರಕ್ಕ," ಎಂದು ಮುಂದೆ ನಡೆದಳು. ಹತ್ತು ಹೆಜ್ಜೆ ಹೋದವಳು ತಿರುಗಿ ನೋಡಿದರೆ ತಂಗಿ ಹಿಂದೆ ಇರಲಿಲ್ಲ. ರಸ್ತೆಯ ಆಚೆ, ಪರಶುವಿನ ಊರಿಗೆ ಹೊರಟು, ಬಾದನಹಟ್ಟಿ, ಬಾದನಹಟ್ಟಿ ಎಂದು ಕೂಗುತ್ತಿದ್ದ ಆಟೋದ ಹತ್ತಿರ ಅವಳು ನಿಂತಿದ್ದಳು. ಹಿಂದಿನ ಸೀಟಿನಲ್ಲಿ ಬುಟ್ಟಿ ಹಿಡಿದ ಹೆಂಗಸರು ನಾಲ್ವರು ಆಗಲೇ ಇಕ್ಕಟ್ಟಾಗಿ ಕುಳಿತಿದ್ದರು. ಆಟೋದವನು ಅವಳ ನಡಿಗೆ ನೋಡಿ, "ಮುಂದ ನನ್ನ ಬಾಜು ಬಾರಕ್ಕ, ಕಾಲು ಚಾಚಾಕ ಜಾಗ ಐತಿ," ಎಂದ.

"ಬ್ಯಾಡ," ಎಂದಳು ರೇಣುಕಾ. "ಮಡಚ್ತೀನಿ. ಸರೀರವ್ವಾ."

ಹೆಂಗಸರು ಸರಿದರು. ಅವಳು ಹತ್ತಿ ಕುಳಿತಳು.